ಮುಂದಕ್ಕೆ ಹೋದದ್ದು ಕಂತು, ಬಡ್ಡಿಯಲ್ಲ

ಲಾಕ್‌ಡೌನ್‌ನಲ್ಲಿ ಕೆಲಸ ಹೋಗಿ ಬೆಂಗಳೂರಿನಿಂದಲೋ ಕೊಲ್ಲಿಯಿಂದಲೋ ಮಂಗಳೂರು, ಉಡುಪಿಗೆ ಮರಳಿದ ಯುವಕ ಯುವತಿಯರು ಇವತ್ತಿಗೂ ಕೇಳುವ ಪ್ರಶ್ನೆ: ‘ಆ ಆರು ತಿಂಗಳ ಕಂತನ್ನು ಸರಕಾರ ಬಿಟ್ಟಿತ್ತಲ್ಲ ಸರ್?’

ಬಿಟ್ಟಿರಲಿಲ್ಲ. 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗಿನ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು, ಅಷ್ಟೇ. ಬಡ್ಡಿ ಒಂದು ದಿನವೂ ನಿಲ್ಲಲಿಲ್ಲ.

ಪೆನ್ನು ಹಿಡಿದು ಲೆಕ್ಕ ಹಾಕಿ. ಬಾಕಿ 4 ಲಕ್ಷ, ಬಡ್ಡಿ ಶೇ. 9, ಉಳಿದದ್ದು 60 ಕಂತು. ತಿಂಗಳಿಗೆ ಸುಮಾರು 8,303 ರೂಪಾಯಿ. ಆರು ತಿಂಗಳು ಕಟ್ಟದಿದ್ದರೆ ಬಡ್ಡಿಯ ಮೇಲಿನ ಬಡ್ಡಿಯೂ ಸೇರಿ 18,341 ರೂಪಾಯಿ ಅಸಲಿಗೆ ಕೂಡುತ್ತದೆ. ಕಂತಿನ ಮೊತ್ತ ಬದಲಾಗದಿದ್ದರೆ ಸಾಲ ತೀರಲು ಇನ್ನೂ ಮೂರೂವರೆ ಕಂತು ಬೇಕು. ಕೈಯಿಂದ ಹೆಚ್ಚಾಗಿ ಹೋಗುವುದು 29 ಸಾವಿರದಷ್ಟು. ಆ ವರ್ಷ ನವೆಂಬರ್ ಹೊತ್ತಿಗೆ ಖಾತೆಗೆ ಬಿದ್ದ ಸಣ್ಣ ಮೊತ್ತವನ್ನು ಎಷ್ಟೋ ಜನ ಮನ್ನಾ ಎಂದುಕೊಂಡರು. ಅದು ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸ ಮಾತ್ರ. ಈ ಲೆಕ್ಕದಲ್ಲಿ ಸುಮಾರು 341 ರೂಪಾಯಿ. ಮಿಕ್ಕ 18 ಸಾವಿರ ಸಾಲಗಾರನ ತಲೆಯ ಮೇಲೇ ಉಳಿಯಿತು.

ಈ ಮಕ್ಕಳು ಮೋಸಗಾರರಲ್ಲ. ಯಾರೂ ಕೂರಿಸಿ ಹೇಳಲಿಲ್ಲ. ಸೆಪ್ಟೆಂಬರ್‌ನಿಂದ ಕಂತು ಮತ್ತೆ ಶುರುವಾದದ್ದೇ ಹಲವರಿಗೆ ಗೊತ್ತಾಗಲಿಲ್ಲ. ಹೊಸದಾಗಿ ಎನ್‌ಪಿಎ (ಕಂತು ನಿಂತುಹೋದ ಕೆಟ್ಟ ಸಾಲ) ಎಂದು ಗುರುತಿಸದಂತೆ ಸುಪ್ರೀಂ ಕೋರ್ಟ್ ಕೊಟ್ಟಿದ್ದ ತಡೆ 2021ರ ಮಾರ್ಚ್ 23ರಂದು ತೆರವಾದಾಗ, 90 ದಿನಕ್ಕೂ ಹೆಚ್ಚು ಬಾಕಿಯಿದ್ದ ಖಾತೆಗಳು ಸಿಕ್ಕಿಬಿದ್ದವು. ಸಿಂಡಿಕೇಟ್ ಬ್ಯಾಂಕಿನಲ್ಲಿ ಸಾಲವಿದ್ದವರಿಗೆ ಇನ್ನೊಂದು ತೊಡಕು: ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಹಳೆಯ ಐಎಫ್‌ಎಸ್‌ಸಿ 2021ರ ಜುಲೈ 1ರಿಂದ ನಡೆಯಲಿಲ್ಲ. ಹಳೆಯ ಕೋಡ್ ಹಾಕಿ ಕಳಿಸಿದ ಕಂತು ಸಾಲದ ಖಾತೆಗೆ ಮುಟ್ಟುವಂತಿರಲಿಲ್ಲ.

ಸೊಸೈಟಿ ಸಾಲದ ಮಾತೇ ಬೇರೆ. ರಿಸರ್ವ್ ಬ್ಯಾಂಕಿನ ಆ ಸುತ್ತೋಲೆ ಪಟ್ಟಣ ಸಹಕಾರಿ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳನ್ನು ಹೆಸರಿಸಿತ್ತು, ಪತ್ತಿನ ಸಹಕಾರ ಸಂಘಗಳನ್ನಲ್ಲ. ಅಲ್ಲಿ ಏನು ನಡೆಯಿತೆಂಬುದಕ್ಕೆ ಸಂಘದ ನಿರ್ಣಯವನ್ನೇ ನೋಡಬೇಕು. ಜಾಮೀನು ಹಾಕಿದ ಗೆಳೆಯನ ಹೊಣೆಯೂ ಸಾಲಗಾರನಷ್ಟೇ ಎಂಬುದು ನೆನಪಿರಲಿ.

ಬಾಕಿ ಇನ್ನೂ ಇದ್ದರೆ ಮೊದಲು 2020ರ ಮಾರ್ಚ್‌ನಿಂದ ಇಂದಿನವರೆಗಿನ ಸಾಲದ ಸ್ಟೇಟ್‌ಮೆಂಟ್ ತನ್ನಿ. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿಯನ್ನು (ನಿಮ್ಮ ಸಾಲ, ಮರುಪಾವತಿಗಳ ದಾಖಲೆ) ಅದರ ಪಕ್ಕದಲ್ಲಿಟ್ಟು ನೋಡಿ. ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ಪರಿಹಾರವಾಗದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರಧನದ ನಿಯಮ 2024ರ ಏಪ್ರಿಲ್‌ನಿಂದ ಇದೆ. ‘ಅರ್ಧ ಕಟ್ಟಿ ಮುಗಿಸಿ’ ಎಂದು ವಸೂಲಿಯವರು ಹೇಳಿದರೆ ಅವಸರ ಬೇಡ: ವರದಿಯಲ್ಲಿ ಬೀಳುವುದು ‘ಸೆಟಲ್ಡ್’ (ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿದದ್ದು), ‘ಕ್ಲೋಸ್ಡ್’ (ಪೂರ್ತಿ ತೀರಿದ್ದು) ಅಲ್ಲ. ಮುಂದೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ.