ಎಡಪಟ್ಟಿಯ ಮರವೂ ಕೈಕಂಬವೂ

ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದಾಗ ಎಡಗಡೆ ಕಾಣುವ ಉದ್ದನೆಯ ಪಟ್ಟಿಗೆ ನ್ಯಾವಿಗೇಷನ್ ಪೇನ್ ಎಂದು ಹೆಸರು. ಅದನ್ನು ತಮಗೆ ಬೇಕಾದಂತೆ ಜೋಡಿಸಿಕೊಳ್ಳಲು ಹಲವರು ಹಿಂಜರಿಯುತ್ತಾರೆ. ಏನನ್ನಾದರೂ ತೆಗೆದುಹಾಕಿದರೆ ಒಳಗಿನ ಕಡತಗಳೂ ಹೋದಾವೆಂಬ ಭಯ ಅವರದು. ಈ ಭಯ ಅರ್ಧ ಮಾತ್ರ ನಿಜ, ಏಕೆಂದರೆ ಆ ಪಟ್ಟಿಯಲ್ಲಿ ಎರಡು ಬೇರೆ ಬಗೆಯ ಸಂಗತಿಗಳು ಒಂದರ ಕೆಳಗೊಂದು ಕುಳಿತಿವೆ.

ಒಂದು, ಮರ. ವಿಂಡೋಸ್‌ಗಿಂತ ಹಿಂದೆ ಕಂಪ್ಯೂಟರನ್ನು ನಡೆಸುತ್ತಿದ್ದ ತಂತ್ರಾಂಶ ಎಂಎಸ್-ಡಾಸ್. 1981ರ ಅದರ ಮೊದಲ ಆವೃತ್ತಿಯಲ್ಲಿ ಫೋಲ್ಡರುಗಳೇ ಇರಲಿಲ್ಲ; ಫ್ಲಾಪಿಯೊಂದರ ಕಡತಗಳೆಲ್ಲ ಒಂದೇ ಸಾಲಿನಲ್ಲಿ ಇರುತ್ತಿದ್ದವು. ಸಾವಿರಾರು ಕಡತಗಳನ್ನು ಹಿಡಿಸಬಲ್ಲ ಹಾರ್ಡ್ ಡಿಸ್ಕಿಗೆ ಅದು ಸಾಲದಾದಾಗ, 1983ರ 2.0 ಆವೃತ್ತಿಯಲ್ಲಿ ಫೋಲ್ಡರಿನೊಳಗೆ ಫೋಲ್ಡರ್ ಇಡುವ ಕೊಂಬೆ-ರೆಂಬೆಗಳ ವ್ಯವಸ್ಥೆ ಬಂತು. 'ದಿಸ್ ಪಿಸಿ' ಕೆಳಗೆ ಇಂದು ಬಿಚ್ಚಿಕೊಳ್ಳುವುದು ಅದೇ ಮರ. ಅಲ್ಲಿ ಡಿಲೀಟ್ ಮಾಡಿದರೆ ಫೋಲ್ಡರೇ ಹೋಗುತ್ತದೆ.

ಇನ್ನೊಂದು, ಕೈಕಂಬ. 2015ರ ವಿಂಡೋಸ್ 10ರಲ್ಲಿ ಬಂದ, ಬೇಕಾದ ಫೋಲ್ಡರುಗಳ ಕೊಂಡಿಗಳನ್ನು ಇದೇ ಪಟ್ಟಿಯಲ್ಲಿ ಇಡುವ ಕ್ವಿಕ್ ಆಕ್ಸೆಸ್ ಎಂಬ ಭಾಗ ಊರಿಗೆ ದಾರಿ ತೋರಿಸುತ್ತದೆಯೇ ಹೊರತು ತಾನೇ ಊರಲ್ಲ. ನನ್ನ ಕಂಪ್ಯೂಟರಿನಲ್ಲಿ 'ಶಾಸನ ಚಿತ್ರಗಳು' ಎಂಬ ಫೋಲ್ಡರ್ ಡಿ ಡ್ರೈವಿನಲ್ಲಿ ಐದು ಹಂತ ಕೆಳಗಿದೆ. ಅದರ ಮೇಲೆ ಬಲ ಕ್ಲಿಕ್ ಮಾಡಿ 'ಪಿನ್ ಟು ಕ್ವಿಕ್ ಆಕ್ಸೆಸ್' ಆರಿಸಿದ್ದರಿಂದ ಈಗ ಒಂದೇ ಕ್ಲಿಕ್ಕಿಗೆ ಸಿಗುತ್ತದೆ. ನಾಳೆ 'ಅನ್‌ಪಿನ್' ಮಾಡಿದರೂ ಒಂದು ಚಿತ್ರವೂ ಕದಲುವುದಿಲ್ಲ. ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ಅನುಕೂಲವಿದೆ. ಮರದಲ್ಲಿ ಹೆಸರುಗಳು ಅಕ್ಷರಕ್ರಮದಲ್ಲಿ ಬರುವುದರಿಂದ ಕನ್ನಡದವು ಇಂಗ್ಲಿಷ್ ಹೆಸರುಗಳೆಲ್ಲ ಮುಗಿದ ಮೇಲೆ ಕಾಣುತ್ತವೆ, ಪಿನ್ ಮಾಡಿದವನ್ನಾದರೋ ಎಳೆದು ಮೇಲಕ್ಕೆ ತಂದಿಡಬಹುದು. ನೀವು ಪಿನ್ ಮಾಡದ ಫೋಲ್ಡರುಗಳೂ ಅಲ್ಲಿ ತಾವಾಗಿ ಬಂದು ಸೇರುತ್ತಿದ್ದರೆ, ಎಕ್ಸ್‌ಪ್ಲೋರರಿನ ಸೆಟ್ಟಿಂಗುಗಳಿರುವ 'ಫೋಲ್ಡರ್ ಆಪ್ಷನ್ಸ್'ನಲ್ಲಿ ಪದೇ ಪದೇ ಬಳಸಿದ ಫೋಲ್ಡರುಗಳನ್ನು ತೋರಿಸುವ ಆಯ್ಕೆಯ ಗುರುತನ್ನು ತೆಗೆಯಿರಿ.

ಪಟ್ಟಿಯ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿದರೆ ಸಿಗುವ ಆಯ್ಕೆಗಳಲ್ಲಿ 'ಎಕ್ಸ್‌ಪಾಂಡ್ ಟು ಕರೆಂಟ್ ಫೋಲ್ಡರ್' ನನಗೆ ಬಹಳ ಮುಖ್ಯವೆನಿಸುತ್ತದೆ. ಅದನ್ನು ಆರಿಸಿದರೆ ಬಲಗಡೆ ತೆರೆದ ಫೋಲ್ಡರ್ ಇರುವ ಕೊಂಬೆಯವರೆಗೂ ಎಡಗಡೆಯ ಮರ ತಾನಾಗಿ ಬಿಚ್ಚಿಕೊಂಡು, ನಾವು ಎಲ್ಲಿದ್ದೇವೆಂಬುದು ಸ್ಪಷ್ಟವಾಗುತ್ತದೆ.

ಅಲ್ಲಿಯೇ ಇರುವ 'ಶೋ ಲೈಬ್ರರೀಸ್' ಆರಿಸುವವರು ಮಾತ್ರ ಎಚ್ಚರದಿಂದಿರಬೇಕು. 2009ರಲ್ಲಿ ವಿಂಡೋಸ್ 7ರೊಡನೆ ಬಂದ ಲೈಬ್ರರಿ ಹಲವು ಕಡೆಯ ಫೋಲ್ಡರುಗಳನ್ನು ಒಟ್ಟಿಗೆ ತೋರಿಸುವ ಪಟ್ಟಿ. ಲೈಬ್ರರಿಯನ್ನೇ ಅಳಿಸಿದರೆ ಕಡತಗಳು ಮೂಲ ಜಾಗದಲ್ಲಿ ಸುರಕ್ಷಿತವಾಗಿರುತ್ತವೆ. ಅದರ ಒಳಹೊಕ್ಕು ಒಂದು ಕಡತವನ್ನು ಅಳಿಸಿದರೆ ಅಳಿಯುವುದು ಮೂಲ ಕಡತವೇ.