ಗೋಥಿಕ್ ಕಥೆಗಳಲ್ಲಿ ಮನೆ ಪತ್ರ ಯಾರ ಹೆಸ್ರಲ್ಲಿದೆ?

ಗೋಥಿಕ್, ಅಂದ್ರೆ ಹಳೇ ಮನೆ-ಕೋಟೆಗಳ ಸುತ್ತ ಹೆಣೆದ ಭಯದ ಕಥೆಗಳು, ಅಂದ ತಕ್ಷಣ ಕಣ್ಮುಂದೆ ಬರೋದು ಹಳೇ ಕೋಟೆ, ಮೇಣದಬತ್ತಿ, ಕಿರ್ರ್ ಅನ್ನೋ ಬಾಗಿಲು, ಕಪ್ಪು ಬಟ್ಟೆಯ ರಕ್ತಪಿಶಾಚಿ. ಇವೆಲ್ಲ ಇರೋದು ನಿಜಾನೇ, ಆದ್ರೆ ಈ ಕಥೆಗಳನ್ನ ಮೊದಲಿಂದ ಓದ್ಕೊಂಡು ಬಂದ್ರೆ ದೆವ್ವಕ್ಕಿಂತ ಜಾಸ್ತಿ ಕಾಡೋದು ಆಸ್ತಿ ವಿಷಯ. ಈ ಮನೆ ಯಾರದ್ದು, ಯಾರಿಂದ ಕಿತ್ಕೊಂಡಿದ್ದು, ಒಳಗೆ ಯಾರನ್ನ ಕೂಡಿಹಾಕಿದಾರೆ. 250ಕ್ಕೂ ಹೆಚ್ಚು ವರ್ಷದಿಂದ ಗೋಥಿಕ್ ಉಳ್ಕೊಂಡು ಬಂದಿರೋದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ.

ಮೊದಲನೇ ಕಥೇನೇ ತಗೊಳ್ಳಿ. 1764ರ ಡಿಸೆಂಬರ್‌ನಲ್ಲಿ ಲಂಡನ್ನಲ್ಲಿ 'ದ ಕ್ಯಾಸಲ್ ಆಫ್ ಒಟ್ರಾಂಟೊ' ಬಂತು. ಬರೆದವನು ಹೊರೇಸ್ ವಾಲ್‌ಪೋಲ್, ಪ್ರಧಾನಿ ರಾಬರ್ಟ್ ವಾಲ್‌ಪೋಲನ ಮಗ, ಆದ್ರೆ ಮೊದಲ ಮುದ್ರಣದಲ್ಲಿ ತನ್ನ ಹೆಸ್ರೇ ಹಾಕ್ಲಿಲ್ಲ, ಯಾವುದೋ ಹಳೇ ಇಟಾಲಿಯನ್ ಪುಸ್ತಕದ ಅನುವಾದ ಅಂದುಬಿಟ್ಟ. ಜನ ಮೆಚ್ಚಿದ ಮೇಲೆ 1765ರ ಎರಡನೇ ಮುದ್ರಣದಲ್ಲಿ ನಂದೇ ಅಂತ ಒಪ್ಕೊಂಡು 'ಒಂದು ಗೋಥಿಕ್ ಕಥೆ' ಅಂತ ಕೆಳಗೆ ಸೇರಿಸಿದ. ಕಥೆಯಲ್ಲಿ ಮದುವೆ ದಿನ ದೈತ್ಯಾಕಾರದ ಶಿರಸ್ತ್ರಾಣ ಬಿದ್ದು ಮದುಮಗ ಜಜ್ಜಿಹೋಗ್ತಾನೆ, ಎಲ್ರೂ ನೆನಪಿಟ್ಕೊಳ್ಳೋದು ಇದನ್ನೇ. ಆದ್ರೆ ಅದು ಯಾಕೆ ಬಿತ್ತು? ಆ ಹುಡುಗನ ಮುತ್ತಜ್ಜ ಕೋಟೆಯ ನಿಜವಾದ ಒಡೆಯನಿಗೆ ವಿಷ ಹಾಕಿ, ಸುಳ್ಳು ಉಯಿಲು ಸೃಷ್ಟಿಸಿ ಆಸ್ತಿ ಹೊಡೆದಿದ್ದ, ಅದಕ್ಕೆ. ಈಗ ಅಪ್ಪ ಮ್ಯಾನ್‌ಫ್ರೆಡ್‌ಗೆ ವಂಶ ಮುಗಿದು ಕೋಟೆ ಕೈತಪ್ಪೋ ಭಯ ಹತ್ತಿ, ಇದ್ದ ಹೆಂಡ್ತೀನ ಬಿಟ್ಟು ಸೊಸೆಯಾಗ್ಬೇಕಿದ್ದ ಇಸಬೆಲ್ಲಾನೇ ಮದುವೆಯಾಗ್ತೀನಿ ಅಂತ ಬೆನ್ನಟ್ತಾನೆ, ಅವಳು ನೆಲಮಾಳಿಗೆಯ ಸುರಂಗದಲ್ಲಿ ಕತ್ತಲಲ್ಲಿ ಓಡ್ತಾಳೆ. ಹಿರಿಯರ ಪಾಪ, ಕದ್ದ ಮನೆ, ಓಡೋ ಹುಡುಗಿ, ಮೂರೂ ಮೊದಲನೇ ಪುಸ್ತಕದಲ್ಲೇ ಬಂದುಬಿಟ್ಟಿವೆ.

ಇದಕ್ಕೆ ನಿಜವಾದ ಜೀವ ತುಂಬಿದ್ದು ಲೇಖಕಿ ಆನ್ ರ್‍ಯಾಡ್‌ಕ್ಲಿಫ್ ಅಂತ ನಾನು ನಂಬಿದೀನಿ. 1794ರಲ್ಲಿ ಬಂದ 'ದ ಮಿಸ್ಟರೀಸ್ ಆಫ್ ಉಡಾಲ್ಫೊ'ಗೆ ಪ್ರಕಾಶಕರು ಅವ್ರಿಗೆ 500 ಪೌಂಡ್ ಕೊಟ್ರು, ಆ ಕಾಲಕ್ಕೆ ಕಾದಂಬರಿಗೆ ಅಷ್ಟು ದುಡ್ಡು ಅಂದ್ರೆ ದೊಡ್ಡ ಸುದ್ದಿ. ಅದ್ರಲ್ಲಿ ಕಪ್ಪು ಪರದೆ ಹಿಂದೆ ಏನೋ ನೋಡಿ ನಾಯಕಿ ಎಮಿಲಿ ಮೂರ್ಛೆ ಹೋಗ್ತಾಳೆ, ಕೊನೇಲಿ ಅದು ಬರೀ ಮೇಣದ ಬೊಂಬೆ ಅಂತ ಗೊತ್ತಾಗತ್ತೆ, ಅದಕ್ಕೇ ತುಂಬಾ ಜನ ಈ ಪುಸ್ತಕಾನ ಹಗುರವಾಗಿ ನೋಡ್ತಾರೆ. ಆದ್ರೆ ಅಲ್ಲಿ ನಿಜವಾದ ಭಯ ಬೊಂಬೇಲಿಲ್ಲ. ಎಮಿಲಿಯ ಸೋದರತ್ತೆಯನ್ನ ಮದುವೆಯಾದ ಮೊಂಟೋನಿ, ಆ ಹೆಂಡ್ತಿಗೆ ನಿನ್ನ ಜಮೀನು ನನ್ನ ಹೆಸ್ರಿಗೆ ಬರ್ಕೊಡು ಅಂತ ಪೀಡಿಸ್ತಾನೆ, ಅವಳು ಸಹಿ ಹಾಕಲ್ಲ ಅಂದಾಗ ಗೋಪುರದಲ್ಲಿ ಕೂಡಿಹಾಕ್ತಾನೆ, ಅವಳು ಕಾಯಿಲೆ ಬಿದ್ದು ಸಾಯ್ತಾಳೆ, ಆಮೇಲೆ ಅದೇ ಕಾಗದ ಎಮಿಲಿ ಮುಂದೆ ಬರತ್ತೆ. ಇದನ್ನ ಓದ್ತಿದ್ದ ಇಂಗ್ಲೆಂಡಿನ ಹೆಂಗಸರಿಗೆ ಇದು ಕಟ್ಟುಕಥೆ ಆಗಿರ್ಲಿಲ್ಲ. ಅಲ್ಲಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣಿನ ದುಡ್ಡು-ಒಡವೆ ಗಂಡನದ್ದೇ ಆಗ್ತಿತ್ತು, ಜಮೀನಿನ ಹಿಡಿತಾನೂ ಅವನ ಕೈಗೆ ಹೋಗ್ತಿತ್ತು, 1870 ಮತ್ತು 1882ರ ಕಾಯ್ದೆಗಳು ಬರೋ ತನಕ ಇದೇ ಸ್ಥಿತಿ.

ಹಾಗಾಗೇ ಷಾರ್ಲಟ್ ಬ್ರಾಂಟೆಯ 1847ರ ಕಾದಂಬರಿ 'ಜೇನ್ ಐರ್'ನಲ್ಲಿ ಕೋಟೆ ಹೋಗಿ ಸಾಮಾನ್ಯ ಜಮೀನ್ದಾರನ ಮನೆ ಬಂದ್ರೂ ವಿಷಯ ಬದಲಾಗ್ಲಿಲ್ಲ. ಮಹಡಿ ಮೇಲಿನ ಬೀಗ ಹಾಕಿದ ಕೋಣೇಲಿರೋದು ದೆವ್ವ ಅಲ್ಲ, ಆ ಜಮೀನ್ದಾರ ರಾಚೆಸ್ಟರ್‌ನ ಹೆಂಡ್ತಿ ಬರ್ಥಾ, ಜಮೈಕಾದಿಂದ 30,000 ಪೌಂಡ್ ಜೊತೆ ಬಂದವಳು. ದುಡ್ಡು ಉಳೀತು, ಅವಳು ಮಾತ್ರ ಮೇಲೆ ಸೇರಿದ್ಳು. ಷಾರ್ಲಟ್ ಬ್ರಾಂಟೆ ಅವಳಿಗೆ ಒಂದು ಮಾತೂ ಸರಿಯಾಗಿ ಆಡೋಕೆ ಬಿಡ್ಲಿಲ್ಲ ಅನ್ನೋದು ನನಗೆ ಇವತ್ತಿಗೂ ನೋವು, ಅದನ್ನ ಸರಿಮಾಡಿದ್ದು ಕೆರಿಬಿಯನ್‌ನಲ್ಲಿ ಹುಟ್ಟಿದ ಜೀನ್ ರೀಸ್, 1966ರಲ್ಲಿ ಬರ್ಥಾಳ ಕಡೆಯ ಕಥೆ ಹೇಳೋ 'ವೈಡ್ ಸರ್ಗ್ಯಾಸೋ ಸೀ' ಬರೆದು.

'ಫ್ರಾಂಕೆನ್‌ಸ್ಟೈನ್' ಈ ದಾರಿ ಬಿಟ್ಟು ಲ್ಯಾಬಿನ ಕಡೆ ಹೋಯ್ತು, ಅದರ ಕಥೆ ಬೇರೆ. ಆದ್ರೆ 1897ರ 'ಡ್ರಾಕುಲಾ' ಶುರುವಾಗೋದು ಹೇಗೆ ಅಂತ ನೆನಪಿದ್ಯಾ? ಲಂಡನ್ ಹತ್ರ ರಕ್ತಪಿಶಾಚಿ ಕೌಂಟ್ ಡ್ರಾಕುಲಾ ಒಂದು ಮನೆ ಕೊಳ್ತಿದಾನೆ, ಅದರ ಕಾಗದಪತ್ರ ಹಿಡ್ಕೊಂಡು ಲಾಯರ್ ಆಫೀಸಿನ ಹುಡುಗ ಟ್ರಾನ್ಸಿಲ್ವೇನಿಯಾಗೆ ಹೋಗ್ತಾನೆ. 1922ರ ಜರ್ಮನ್ ಸಿನಿಮಾ 'ನೊಸ್ಫೆರಾಟು'ನಲ್ಲೂ ಪಿಶಾಚಿಯನ್ನ ಊರಿಗೆ ತರೋದು ಒಬ್ಬ ಮನೆ ದಲ್ಲಾಳೀನೇ.

ಸಿನಿಮಾಕ್ಕೆ ಬಂದ್ಮೇಲೆ 1931ರಲ್ಲಿ ಹಾಲಿವುಡ್ಡು ರಾಕ್ಷಸರನ್ನ ಮುಂದೆ ತಂತು, ಅದು ಎಲ್ರಿಗೂ ಗೊತ್ತು. ನನಗೆ ಅದಕ್ಕಿಂತ ಮುಖ್ಯ ಅನ್ಸೋದು 1940ರ 'ರೆಬೆಕಾ', ಅದಾದ್ಮೇಲೆ ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ತಂದ 1944ರ 'ಗ್ಯಾಸ್‌ಲೈಟ್'. ಇದ್ರಲ್ಲಿ ಮನೆ ಹೆಂಡ್ತೀದು, ಚಿಕ್ಕಮ್ಮನಿಂದ ಬಂದಿದ್ದು. ಗಂಡ ಅಟ್ಟದಲ್ಲಿ ಆ ಚಿಕ್ಕಮ್ಮನ ಒಡವೆ ಹುಡುಕ್ತಾ ದೀಪ ಹಚ್ಚಿದಾಗ ಕೆಳಗಿನ ದೀಪ ಮಂಕಾಗತ್ತೆ, ಅವಳು ಕೇಳಿದ್ರೆ ನಿನಗೆ ತಲೆ ಸರಿಯಿಲ್ಲ ಅಂತಾನೆ. ಅವಳ ಮನೇಲೇ ಅವಳನ್ನ ಪರಕೀಯಳನ್ನಾಗಿ ಮಾಡೋದು, ಮೊಂಟೋನಿಗಿಂತ ಕ್ರೂರ ಇದು. 1960ರ ದಶಕದಲ್ಲಿ ಪೇಪರ್‌ಬ್ಯಾಕ್ ಗೋಥಿಕ್‌ಗಳು ರಾಶಿ ರಾಶಿ ಬಂದಾಗ ಮುಖಪುಟದಲ್ಲಿ ಮತ್ತೆ ಮತ್ತೆ ಅದೇ ಚಿತ್ರ: ನೈಟ್‌ಗೌನ್ ಹಾಕಿರೋ ಹುಡುಗಿ ಓಡ್ತಿದಾಳೆ, ಹಿಂದೆ ದೊಡ್ಡ ಮನೆ, ಒಂದೇ ಕಿಟಕೀಲಿ ಬೆಳಕು. 'ಒಟ್ರಾಂಟೊ'ದ ಇಸಬೆಲ್ಲಾ ಓಟ ಎರಡು ಶತಮಾನ ಆದ್ರೂ ನಿಂತಿರ್ಲಿಲ್ಲ.

ಅಮೆರಿಕದ ಲೇಖಕಿ ಟೋನಿ ಮಾರಿಸನ್ 1987ರ ಕಾದಂಬರಿ 'ಬಿಲವೆಡ್'ನಲ್ಲಿ ಈ ಪ್ರಶ್ನೇನ ಬುಡಸಮೇತ ಅಲ್ಲಾಡಿಸಿದ್ರು. 124 ನಂಬರಿನ ಮನೇಲಿ ಒಂದು ಮಗುವಿನ ದೆವ್ವ ಇದೆ, ಅದರ ತಾಯಿ ಸೆತೆ ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಬಂದವಳು, ಮಕ್ಕಳನ್ನ ಮತ್ತೆ ಅಲ್ಲಿಗೆ ಎಳ್ಕೊಂಡು ಹೋಗ್ತಾರೆ ಅಂತ ಗೊತ್ತಾದಾಗ ತಾನೇ ಮಗೂನ ಕೊಂದವಳು. 1856ರಲ್ಲಿ ಮಾರ್ಗರೆಟ್ ಗಾರ್ನರ್ ಅನ್ನೋ ತಾಯಿಗೆ ನಿಜವಾಗಿ ಆಗಿದ್ದು ಇದರ ಹಿಂದಿದೆ. ಇಲ್ಲಿ ಯಾರದೋ ಹೆಸ್ರಲ್ಲಿದ್ದ ಆಸ್ತಿ ಅಂದ್ರೆ ಮನೆಯಲ್ಲ, ಆ ತಾಯಿ ಮತ್ತೆ ಮಕ್ಕಳೇ. ಗೋಥಿಕ್ ಇದಕ್ಕಿಂತ ಆಳಕ್ಕೆ ಇಳಿದಿದ್ದನ್ನ ನಾನು ಓದಿಲ್ಲ.

2019ರ ಕೊರಿಯನ್ ಸಿನಿಮಾ 'ಪ್ಯಾರಸೈಟ್'ನ ಯಾರೂ ಗೋಥಿಕ್ ಅಂತ ಮಾರ್ಲಿಲ್ಲ, ಆದ್ರೆ ನೆಲಮಾಳಿಗೆ ಇದೆ, ಅದ್ರಲ್ಲಿ ಸಾಲಗಾರರಿಗೆ ಹೆದರಿ ವರ್ಷಗಟ್ಲೆ ಅಡಗಿರೋ ಮನುಷ್ಯ ಇದಾನೆ, ಅವನನ್ನ ಕಂಡು ದೆವ್ವ ಅಂತ ಬೆಚ್ಚಿಬಿದ್ದ ಮಗು ಕೂಡ ಇದೆ. ಕೊನೇಲಿ ಅದೇ ಕತ್ತಲೆಗೆ ಇನ್ನೊಬ್ಬ ಮನುಷ್ಯ ಸೇರ್ಕೊತಾನೆ, ಅವನನ್ನ ಹೊರಗೆ ತರೋಕೆ ಅವನ ಮಗ ಯೋಚಿಸೋ ಒಂದೇ ದಾರಿ ಅಂದ್ರೆ ದುಡ್ಡು ಮಾಡಿ ಆ ಮನೇನೇ ಕೊಂಡ್ಕೊಳ್ಳೋದು.