ಬೆಳ್ಗಣ್ಣನ ಬಳಗ ಬದಲಾಯಿತು

ಪುಣೆಯ ಸೊಸೈಟಿಗಳಲ್ಲಿ ನುಗ್ಗೆ ಹೂಬಿಟ್ಟಾಗ ಒಮ್ಮೆ ತಲೆಯೆತ್ತಿ ನೋಡಿ. ಹಳದಿ ಬೆರೆತ ಹಸಿರು ಮೈಯ, ಗುಬ್ಬಿಗಿಂತ ಎಷ್ಟೋ ಚಿಕ್ಕ ಹಕ್ಕಿಗಳ ಗುಂಪೊಂದು ಸಣ್ಣಗೆ ಚಿಲಿಪಿಲಿಗುಟ್ಟುತ್ತ ಹೂವಿಗೆ ಕೊಕ್ಕು ಹಾಕುತ್ತಿರುತ್ತದೆ. ಕಣ್ಣಿನ ಸುತ್ತ ಎದ್ದು ಕಾಣುವ ಬಿಳಿ ಉಂಗುರ. ಒತ್ತೊತ್ತಾಗಿ ಕೂತ ಪುಟಾಣಿ ಗರಿಗಳಿಂದಾದದ್ದು ಅದು. ಕನ್ನಡದಲ್ಲಿ ಇದು ಬೆಳ್ಗಣ್ಣ. ಅಕ್ಕಪಕ್ಕದ ಮರಾಠಿಯವರು ಚಷ್ಮೇವಾಲಾ ಅನ್ನುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳ ಬಾಯಲ್ಲೂ ಅದೇ.

ತೂಕ ಹತ್ತು ಗ್ರಾಂ ಆಚೀಚೆ. ಆದರೆ ಇದರ ನೆಂಟರು ಯಾರು ಅಂತ ಪತ್ತೆ ಮಾಡುವುದಕ್ಕೆ ಪಕ್ಷಿ ವಿಜ್ಞಾನಿಗಳಿಗೆ ಹತ್ತಿರ ಹತ್ತಿರ ಇನ್ನೂರು ವರ್ಷ ಹಿಡಿಯಿತು.

1824ರಲ್ಲಿ ಡಚ್ ವಿಜ್ಞಾನಿ ಟೆಮ್ಮಿಂಕ್ ನಮ್ಮ ಬೆಳ್ಗಣ್ಣನನ್ನು ಸಿಲ್ವಿಯಾ ಎಂಬ ಕುಲಕ್ಕೆ, ಅಂದರೆ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಗಳ ಗುಂಪಿಗೆ ಸೇರಿಸಿದ್ದ. ಕೆಲವೇ ವರ್ಷಗಳಲ್ಲಿ ಬೆಳ್ಗಣ್ಣಗಳಿಗೆಂದೇ ಜೋಸ್ಟೆರಾಪ್ಸ್ ಎಂಬ ಕುಲ ಬಂತು. ಆ ಕುಲವನ್ನು ಯಾರ ಪಕ್ಕದಲ್ಲಿ ಕೂರಿಸಬೇಕು ಅನ್ನುವುದು ಮಾತ್ರ ಬಗೆಹರಿಯಲಿಲ್ಲ. ನಾಲಿಗೆಯ ತುದಿ ಬ್ರಷ್ಷಿನ ಹಾಗೆ ಎಳೆ ಎಳೆಯಾಗಿದೆ, ಮಕರಂದ ಕುಡಿಯುತ್ತದೆ. ಅಂದಮೇಲೆ ಮಕರಂದ ಹೀರುವ ಸೂರಕ್ಕಿಯ (ಸನ್‌ಬರ್ಡ್) ಕಡೆಯವನೇ ಇರಬೇಕು ಎಂಬ ಲೆಕ್ಕಾಚಾರ. ಹಾಗಾಗಿ ಭಾರತದ ಹಳೆಯ ಹಕ್ಕಿ ಪುಸ್ತಕಗಳಲ್ಲಿ ಬದನಿಕೆ ಹಕ್ಕಿ, ಸೂರಕ್ಕಿ, ಬೆಳ್ಗಣ್ಣ ಈ ಮೂರೂ ಆಸುಪಾಸಿನ ಪುಟಗಳಲ್ಲೇ ಸಿಗುತ್ತವೆ.

ತಪ್ಪೇನಿಲ್ಲ ಬಿಡಿ, ಆಗ ಕೈಯಲ್ಲಿದ್ದದ್ದು ಒಣಗಿಸಿಟ್ಟ ಚರ್ಮ, ಗರಿ, ಮೂಳೆ ಅಷ್ಟೇ. ಆದರೆ ನಾಲಿಗೆಯನ್ನು ನಂಬಿದರೆ ಕೆಟ್ಟೆವು. ಮಕರಂದ ಹೀರುವ ಕಸುಬಿಗೆ ಇಳಿದ ಹಕ್ಕಿಗಳಿಗೆ ಅದಕ್ಕೆ ತಕ್ಕ ನಾಲಿಗೆ ಬೇರೆ ಬೇರೆ ವಂಶಗಳಲ್ಲಿ ತಂತಾನೇ ಬೆಳೆದಿದೆ. ಆಸ್ಟ್ರೇಲಿಯಾದ ಹನಿಈಟರ್‌ಗಳಿಗೂ ಬ್ರಷ್ ನಾಲಿಗೆಯೇ. ಅವಕ್ಕೂ ಬೆಳ್ಗಣ್ಣನಿಗೂ ಹತ್ತಿರದ ನಂಟು ಇಲ್ಲವೇ ಇಲ್ಲ.

ಕೊನೆಗೆ ಡಿಎನ್‌ಎ ಬಾಯಿ ಬಿಟ್ಟಿತು. 2003ರಲ್ಲಿ ಆಲಿಸ್ ಸಿಬ್ವಾ ಎಂಬ ವಿಜ್ಞಾನಿ ಬ್ಯಾಬ್ಲರ್‌ಗಳ, ಅಂದರೆ ನಮ್ಮ ಹರಟೆಮಲ್ಲಗಳ ವಂಶವೃಕ್ಷ ಬಿಡಿಸಿದಾಗ, ಬೆಳ್ಗಣ್ಣ ಅದರ ಒಳಗೇ ಒಂದು ಕೊಂಬೆಯ ಮೇಲೆ ಕೂತಿತ್ತು! ಹರಟೆಮಲ್ಲ ಗೊತ್ತಲ್ವಾ? ಮಣ್ಣು ಬಣ್ಣದ ಮೈ, ದಿನವಿಡೀ ನೆಲ ಕೆದರುತ್ತ ಗದ್ದಲ ಎಬ್ಬಿಸುವ ಸಾತ್‌ಭಾಯಿ. ನೋಟದಲ್ಲಿ ಇಬ್ಬರಿಗೂ ಎಲ್ಲಿಂದೆಲ್ಲಿಯ ಸಂಬಂಧ! ಇನ್ನೂ ಹತ್ತಿರದ ದಾಯಾದಿಗಳೆಂದರೆ ಹಿಮಾಲಯದ ಕಡೆಯ, ಜುಟ್ಟು ಇರುವ ಯುಹೀನಾಗಳು.

ಈಗ ಇಕ್ಕಟ್ಟು ಶುರುವಾಯಿತು. ಬೆಳ್ಗಣ್ಣ ಒಳಗೇ ಕೂತಿದೆ ಅಂದಮೇಲೆ ಬ್ಯಾಬ್ಲರ್ ಕುಟುಂಬವನ್ನು ಇದ್ದ ಹಾಗೇ ಬಿಡುವಂತಿರಲಿಲ್ಲ. ಏಷ್ಯಾದ ಯಾವ ಹಕ್ಕಿ ಎಲ್ಲೂ ಹೊಂದಲಿಲ್ಲವೋ ಅದನ್ನು ಬ್ಯಾಬ್ಲರ್ ಕುಟುಂಬಕ್ಕೆ ತಳ್ಳುವುದು ಮೊದಲಿನಿಂದ ನಡೆದು ಬಂದಿತ್ತು. ಪಕ್ಷಿ ವಿಜ್ಞಾನಿಗಳೇ ಅದನ್ನು ಕಸದ ಬುಟ್ಟಿ ಅಂತ ಕರೆದದ್ದುಂಟು. ಆ ಬುಟ್ಟಿಯನ್ನು ಈಗ ನೆಲಕ್ಕೆ ಸುರಿದು ಬೇರ್ಪಡಿಸಬೇಕಾಯಿತು. ಬೆಳ್ಗಣ್ಣ ಮತ್ತು ಯುಹೀನಾ ಒಂದು ಕುಟುಂಬ. ಸಾತ್‌ಭಾಯಿಗಳದು ಇನ್ನೊಂದು. ಸಿಂಹಗಡದ ಕಣಿವೆಯಲ್ಲಿ ತರಗೆಲೆ ಕೆದಕುವ ಪಫ್-ಥ್ರೋಟೆಡ್ ಬ್ಯಾಬ್ಲರ್ ಮತ್ತೊಂದು. ಗೋವಾದ ಕಾಡಿನ ಬಾಗು ಕೊಕ್ಕಿನ ಸಿಮಿಟರ್ ಬ್ಯಾಬ್ಲರ್ ಮಗದೊಂದು. ಯುಹೀನಾ ಅಂತಲೇ ಕರೆಸಿಕೊಳ್ಳುತ್ತಿದ್ದ ಎರ್‌ಪಾರ್ನಿಸ್ ಎಂಬ ಹಕ್ಕಿಯದಂತೂ ವಿಚಿತ್ರ ಕಥೆ. ಅದರ ನೆಂಟರು ಸಿಕ್ಕಿದ್ದು ಅಮೆರಿಕದಲ್ಲಿ, ವಿರಿಯೋ ಎಂಬ ಹಕ್ಕಿಗಳಲ್ಲಿ.

ಅಷ್ಟಾದರೂ ಬೆಳ್ಗಣ್ಣನಲ್ಲಿ ಹರಟೆಮಲ್ಲನ ಗುಣ ಏನೂ ಇಲ್ಲ ಅನ್ನುವ ಹಾಗಿಲ್ಲ. ಹೊಟ್ಟೆ ತುಂಬಿದ ಮೇಲೆ ಅವು ಒಂದೇ ರೆಂಬೆಯ ಮೇಲೆ ಮೈಗೆ ಮೈ ಅಂಟಿಸಿ ಕೂರುತ್ತವೆ. ಒಂದು ಹಕ್ಕಿ ಕತ್ತು ಬಗ್ಗಿಸಿ ಕೊಡುತ್ತದೆ, ಪಕ್ಕದ್ದು ಅದರ ಗರಿಗಳನ್ನು ಕೊಕ್ಕಿನಿಂದ ಬಿಡಿಸಿ ಬಿಡಿಸಿ ಸರಿಮಾಡುತ್ತದೆ. ಸಾತ್‌ಭಾಯಿಗಳೂ ಥೇಟ್ ಹೀಗೆಯೇ. ನಂಟಸ್ತಿಕೆಗೆ ಇಷ್ಟೇ ಸಾಕ್ಷಿ ಸಾಲದು, ನಿಜ. ಆದರೂ ನನಗೆ ನಾಲಿಗೆಗಿಂತ ಇದೇ ಒಳ್ಳೆಯ ಸುಳಿವು ಅನ್ನಿಸುತ್ತದೆ.

ಕುಟುಂಬದ ಗಲಾಟೆ ಮುಗಿದರೂ ಪ್ರಭೇದಗಳದು ಮುಗಿದಿಲ್ಲ. ಆಫ್ರಿಕಾದಿಂದ ಪೆಸಿಫಿಕ್ ದ್ವೀಪಗಳ ತನಕ ಹರಡಿರುವ ಈ ಕುಲ ಕವಲೊಡೆದದ್ದು ಸುಮಾರು 20 ಲಕ್ಷ ವರ್ಷಗಳ ಒಳಗೆ ಎಂದು 2009ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಹಕ್ಕಿಗಳ ಮಟ್ಟಿಗೆ ಇದು ಭಾರೀ ಅವಸರ. 1856ರಲ್ಲಿ ಒಂದು ಜಾತಿಯ ಬೆಳ್ಗಣ್ಣಗಳು ಆಸ್ಟ್ರೇಲಿಯಾ ಕಡೆಯಿಂದ ಸಮುದ್ರ ದಾಟಿ ನ್ಯೂಜಿಲೆಂಡಿಗೆ ಹಿಂಡುಗಟ್ಟಿ ಬಂದು ನೆಲೆಸಿಬಿಟ್ಟವು. ಸಾಲೊಮನ್ ದ್ವೀಪಗಳಲ್ಲಿ ಇದಕ್ಕೆ ತದ್ವಿರುದ್ಧ. ಕೆಲವೇ ಕಿಲೋಮೀಟರ್ ದೂರದ ದ್ವೀಪಗಳಲ್ಲಿ ಬೇರೆ ಬೇರೆ ಪ್ರಭೇದಗಳಿವೆ. ಹೊಸ ಜಾಗಕ್ಕೆ ನುಗ್ಗುವ ಚಾಳಿಯೂ ಇದೆ, ನೆಲೆ ಸಿಕ್ಕಮೇಲೆ ಕದಲದ ಹಟವೂ ಇದೆ.

ಏಷ್ಯಾದ ಹಕ್ಕಿಗಳ ಡಿಎನ್‌ಎ ನೋಡಿದಾಗ, ಭಾರತದಿಂದ ಇಂಡೊನೇಷ್ಯಾದವರೆಗೆ ಒಂದೇ ಎಂದುಕೊಂಡಿದ್ದ ಓರಿಯೆಂಟಲ್ ವೈಟ್-ಐ (ವೈಟ್-ಐ ಅಂದರೆ ಇಂಗ್ಲಿಷಿನಲ್ಲಿ ಬೆಳ್ಗಣ್ಣ) ಒಂದಲ್ಲ ಅಂತ ಗೊತ್ತಾಗಿ ಅದನ್ನು ಒಡೆದರು. ನಮ್ಮ ಪಾಲಿಗೆ ಬಂದದ್ದು ಇಂಡಿಯನ್ ವೈಟ್-ಐ. ಮನೆಯಲ್ಲಿರುವ ಹಳೆಯ ಪುಸ್ತಕದಲ್ಲಿ ಈ ಹೆಸರು ಸಿಗದಿದ್ದರೆ ಓರಿಯೆಂಟಲ್ ಅಂತ ಹುಡುಕಿ, ಸೂರಕ್ಕಿಯ ಪಕ್ಕದಲ್ಲೇ ಇರುತ್ತದೆ.